ಅಂಟಿನಡಿಯ ಮೊದಲ ಪುಟ

ಮಕ್ಕಳ ಲೈಬ್ರರಿಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಉಶ್ಶಮ್ಮ ಎಂದು. ಹೆಸರಿಟ್ಟವರು ಮಕ್ಕಳೇ. ಬಾಗಿಲು ಸದ್ದು ಮಾಡಿದರೆ ಉಶ್, ಕುರ್ಚಿ ಕಿರುಗುಟ್ಟಿದರೆ ಉಶ್, ಯಾರಾದರೂ ಪುಟ ಜೋರಾಗಿ ತಿರುವಿದರೂ ಉಶ್. ಒಂದು ಸಲ ಫ್ಯಾನಿಗೂ ಉಶ್ ಅಂದಳೆಂದು ಅವಳ ಮಗಳು ಮನೆಯಲ್ಲಿ ಅಣಕಿಸುತ್ತಿದ್ದಳು. ಅದೇನೂ ಸುಳ್ಳಲ್ಲ, ಫ್ಯಾನು ಅಂದು ವಿಪರೀತ ಗೊಣಗುತ್ತಿತ್ತು.

ಆ ಕೋಣೆಯ ಪುಸ್ತಕಗಳೆಲ್ಲ ಅವಳಿಗೆ ಅಂಗೈ ಗೆರೆಯಷ್ಟು ಪರಿಚಿತ. ಮಕ್ಕಳ ಪುಸ್ತಕದ ವಿಷಯದಲ್ಲಿ ತನಗೆ ಯಾರೂ ಏನೂ ಹೇಳಿಕೊಡಬೇಕಾಗಿಲ್ಲ ಎಂಬ ಗರ್ವವೂ ಇತ್ತು. ಇರಲಿ, ಅಷ್ಟು ವರ್ಷ ಧೂಳು ಕುಡಿದವಳಿಗೆ ಅಷ್ಟಾದರೂ ಬೇಡವೇ? ಅಂಥವಳ ಮೇಜಿನ ಮೇಲೆ ಒಂದು ಸೋಮವಾರ ಮೇಲಧಿಕಾರಿ ದೊಡ್ಡ ರಟ್ಟಿನ ಪೆಟ್ಟಿಗೆಯೊಂದನ್ನು ಧೊಪ್ಪೆಂದು ಇಳಿಸಿದರು.

“ಏನ್ ಸಾರ್ ಇದು?”

“ಬೇರೆ ಬೇರೆ ನಾಡಿನ ಪುಸ್ತಕ, ಕೆಲವು ನಮ್ಮ ಭಾಷೆಗೆ ಬಂದಿರೋವು, ಕೆಲವು ಅವರವರ ಭಾಷೆಯವೇ. ಊರಿಗೆ ಈಗ ಎಲ್ಲಾ ಕಡೆಯಿಂದ ಜನ ಬಂದಿದಾರಲ್ಲ, ಅವರ ಮಕ್ಕಳಿಗೆ. ನಮ್ಮ ಮಕ್ಕಳಿಗೂ ಅನ್ನಿ. ಶನಿವಾರ ಇದ್ರಲ್ಲಿ ಬೇರೆ ಭಾಷೆಯ ಒಂದನ್ನ ಆ ಭಾಷೆ ಬಲ್ಲೋರಿಂದ ಮಕ್ಕಳ ಮುಂದೆ ಓದಿಸ್ಬೇಕು. ಆಗಲ್ಲ ಅಂದ್ರೆ ಪೆಟ್ಟಿಗೆ ವಾಪಸ್. ಕೇಳೋ ಲೈಬ್ರರಿಗಳು ಬೇಕಾದಷ್ಟಿವೆ.”

ವಾಪಸ್ ಹೋದರೆ ಒಂದು ಕಪಾಟು ಉಳಿಯಿತು ಎಂದುಕೊಂಡೇ ಅವಳು ಪೆಟ್ಟಿಗೆ ಬಿಚ್ಚಿದಳು. ಆಮೇಲೆ ಊಟದ ಹೊತ್ತು ಮೀರಿದ್ದು ಅವಳಿಗೆ ತಿಳಿಯಲಿಲ್ಲ. ಒಂದರಲ್ಲಿ ದೋಣಿಯಲ್ಲೇ ಹುಟ್ಟಿ ದೋಣಿಯಲ್ಲೇ ಪಾಠ ಕಲಿಯುವ ಹುಡುಗ. ಇನ್ನೊಂದರಲ್ಲಿ ಕಿವಿ ಕೇಳದ ಅಪ್ಪನ ಜೊತೆ ಕೈಸನ್ನೆಯಲ್ಲೇ ಜಗಳ ಕಾಯುವ ಹುಡುಗಿ. ಮತ್ತೊಂದರಲ್ಲಿ ಎರಡು ಭಾಷೆಯ ಇಬ್ಬರು ಅಜ್ಜಿಯರು ಒಂದೇ ಮನೆಯಲ್ಲಿ, ಒಬ್ಬರ ಮಾತು ಒಬ್ಬರಿಗೆ ತಿಳಿಯದೆ, ದಿನವಿಡೀ ಚದುರಂಗವಾಡುತ್ತಾ ಮೋಸ ಮಾಡುತ್ತಾ ಕೂತಿದ್ದರು. ಅವಳು ತಲೆಯೆತ್ತಿ ತನ್ನ ಕೋಣೆಯ ಕಪಾಟುಗಳತ್ತ ನೋಡಿದಳು. ಅಲ್ಲಿದ್ದ ಪುಸ್ತಕಗಳ ಮಕ್ಕಳೆಲ್ಲರ ಮೂಗೂ ಒಂದೇ ಅಚ್ಚಿನದು, ಮನೆಗಳೆಲ್ಲ ಒಂದೇ ನಕ್ಷೆಯವು. ಇಷ್ಟು ವರ್ಷ ಇದು ಕಣ್ಣಿಗೆ ಬೀಳಲಿಲ್ಲವಲ್ಲ ಎಂದು ಅವಳಿಗೆ ನಿಜಕ್ಕೂ ದಿಗಿಲಾಯಿತು.

ಪೆಟ್ಟಿಗೆಯ ತಳದಲ್ಲಿ ಒಂದು ಕಟ್ಟು ಪುಸ್ತಕಗಳಿದ್ದವು. ಅವುಗಳ ಅಕ್ಷರ ಅವಳು ಎಂದೂ ಕಂಡದ್ದಲ್ಲ. ಚಂದದ ಚಿತ್ರವೆಲ್ಲ ಹಿಂದಿನ ರಟ್ಟಿನ ಮೇಲಿತ್ತು, ಮುಂದಿನ ರಟ್ಟು ಬೋಳು. ಯಾವ ತಲೆಕೆಟ್ಟವನು ಅಚ್ಚು ಹಾಕಿದನೋ ಎಂದು ಬೈದುಕೊಂಡು, ಆ ಕಟ್ಟನ್ನು ಚೀಲಕ್ಕೆ ತುರುಕಿ ಮನೆಗೆ ಒಯ್ದಳು. ಹೊಸ ಪುಸ್ತಕಗಳಿಗೆ ಮನೆಯ ಊಟದ ಮೇಜಿನ ಮೇಲೆ ಸಿಂಗಾರ ಮಾಡುವುದು ಅವಳ ರೂಢಿ: ಮುಂದೆ ಮೊಹರು, ಕೊನೆಯ ಪುಟದಲ್ಲಿ ಚೀಟಿ ಇಡುವ ಕಾಗದದ ಚೀಲ, ಮೇಲೊಂದು ಪ್ಲಾಸ್ಟಿಕ್ ಹೊದಿಕೆ. ಅಂಟು ಹಚ್ಚುವುದರಲ್ಲಿ ಅವಳ ಕೈ ಬಲು ಬಿರುಸು. ರಾತ್ರಿಯ ಊಟದೊಳಗೆ ಎಲ್ಲದರ ಕೊನೆಯ ಪುಟಕ್ಕೂ ಚೀಲ ಅಂಟಿಸಿ ಮುಗಿಸಿದಳು.

ಮೇಜಿನ ಆಚೆ ತುದಿಯಲ್ಲಿ ಅತ್ತೆ ತರಕಾರಿ ಹೆಚ್ಚುತ್ತಿದ್ದರು. ಬೆಟ್ಟದ ಆಚೆಯ ನಾಡಿನಿಂದ ಮಾವನ ಕೈ ಹಿಡಿದು ಬಂದ ಹೆಂಗಸು. ಇಲ್ಲಿಯ ಮಾತನ್ನು ಇಲ್ಲಿಯವರಿಗಿಂತ ಚುರುಕಾಗಿ ಆಡುತ್ತಿದ್ದರು. ತಮ್ಮ ಮಾತನ್ನು ಮಾತ್ರ ಒಬ್ಬರೇ ಇದ್ದಾಗ, ಪಾತ್ರೆಗಳ ಜೊತೆ. ಓದು ಬರಹ ಇಲ್ಲ. ಮದುವೆಯಾದ ಹೊಸತರಲ್ಲಿ ಉಶ್ಶಮ್ಮ ಸ್ಲೇಟು ಹಿಡಿದು ಅವರಿಗೆ ಅಕ್ಷರ ಕಲಿಸಲು ಕೂತಿದ್ದಳು. ಅವರು ಆಕಳಿಸಿ, “ಕೋಣನ ಮುಂದೆ ಕಿನ್ನರಿ ಬಾರಿಸ್ಬೇಡ ಹೋಗೇ” ಎಂದು ಎದ್ದು ಹೋಗಿದ್ದರು. ಅಂದಿನಿಂದ ಅವರ ಮಾತ್ರೆಯ ಹೆಸರನ್ನೂ ಬಸ್ಸಿನ ಬೋರ್ಡನ್ನೂ ಸೊಸೆಯೇ ಓದಿ ಹೇಳುವಳು. ಊರ ಮಕ್ಕಳಿಗೆಲ್ಲ ಓದಿಸುವವಳ ಮನೆಯಲ್ಲೇ ಹೀಗಾಯಿತಲ್ಲ, ದೀಪದ ಬುಡದಲ್ಲಿ ಕತ್ತಲೆ ಎಂದು ಅವಳು ಗೆಳತಿಯರ ಮುಂದೆ ನಿಟ್ಟುಸಿರಿಡುತ್ತಿದ್ದಳು. ಆ ನಿಟ್ಟುಸಿರಿನಲ್ಲಿ ಸ್ವಲ್ಪ ಸುಖವೂ ಇತ್ತು ಅನ್ನಿ.

ಮಾರನೆಯ ದಿನ ರಜೆ. ಬಟ್ಟೆ ತೆಗೆಯಲು ಬಾಲ್ಕನಿಗೆ ಹೋದವಳ ಹಿಂದೆ ಮಗಳು ಓಡಿ ಬಂದಳು. ಹದಿಮೂರರ ಹುಡುಗಿ, ಅಜ್ಜಿಯದೇ ಉದ್ದ ಮೂಗು, ಶಾಲೆಯಲ್ಲಿ ಅದಕ್ಕಾಗಿ ದಿನವೂ ಕಣ್ಣೀರು. ಪೆಟ್ಟಿಗೆಯಿಂದ ಅಮ್ಮ ತಂದುಕೊಟ್ಟಿದ್ದ, ಅಂಥದೇ ಮೂಗಿನ ನಾಯಕಿಯಿದ್ದ ಒಂದು ಕಾದಂಬರಿಯನ್ನು ಹಿಂದಿನ ದಿನವೇ ಎತ್ತಿಕೊಂಡು ಕೋಣೆ ಸೇರಿದ್ದವಳು ಈಗ ಮುಖ ಬಿಳುಚಿಕೊಂಡು ನಿಂತಿದ್ದಳು.

“ಅಮ್ಮಾ, ಬೇಗ ಬಾ. ಅಜ್ಜಿ ಓದ್ತಿದಾಳೆ.”

“ಚಿತ್ರ ನೋಡ್ತಿರ್ತಾರೆ, ಬಿಡು.”

“ಇಲ್ಲಮ್ಮಾ. ಜೋರಾಗಿ.”

ಬಟ್ಟೆ ಎದೆಗವಚಿಕೊಂಡೇ ಉಶ್ಶಮ್ಮ ಬಾಗಿಲಲ್ಲಿ ಬಂದು ನಿಂತಳು. ಅತ್ತೆ ಆ ಕಟ್ಟಿನ ಪುಸ್ತಕವೊಂದನ್ನು ಮೇಜಿನ ಮೇಲೆ ಹಿಂದುಮುಂದಾಗಿ ಇಟ್ಟುಕೊಂಡಿದ್ದರು. ಅವರ ತೋರುಬೆರಳು ಸಾಲಿನ ಬಲತುದಿಯಿಂದ ಎಡಕ್ಕೆ ಹರಿಯುತ್ತಿತ್ತು, ಅಲ್ಲಿ ಮುಗಿದು ಕೆಳಗಿನ ಸಾಲಿನ ಬಲತುದಿಗೆ ಹಾರುತ್ತಿತ್ತು. ದನಿ ಎಲ್ಲೂ ತಡವರಿಸಲಿಲ್ಲ. ನಡುವೆ ಏನೋ ಓದಿ ತಾವೇ ನಕ್ಕರು. ಬಟ್ಟೆಯೆಲ್ಲ ಕೈಜಾರಿ ನೆಲಕ್ಕೆ ಬಿದ್ದದ್ದು ಉಶ್ಶಮ್ಮನಿಗೆ ಗೊತ್ತೇ ಆಗಲಿಲ್ಲ. ಅತ್ತೆ ಪಾತ್ರೆಗಳ ಜೊತೆ ಆಡುವ ಮಾತಿಗೆ ಅಕ್ಷರವೂ ಇರಬಹುದು ಎಂದು ಇಷ್ಟು ವರ್ಷದಲ್ಲಿ ಅವಳು, ಲೈಬ್ರರಿಯವಳು, ಒಂದು ಸಲವೂ ಯೋಚಿಸಿರಲಿಲ್ಲ.

ಅತ್ತೆ ತಲೆಯೆತ್ತಿದರು. ಕಳವು ಮಾಡುವಾಗ ಸಿಕ್ಕಿಬಿದ್ದವರ ಮುಖ. ಪುಸ್ತಕ ಮುಚ್ಚಿದರು.

“ಬಣ್ಣ ಚೆನ್ನಾಗಿತ್ತು, ನೋಡ್ತಿದ್ದೆ.”

“ಅತ್ತೆ, ನಿಮಗೆ ಓದಕ್ಕೆ ಬರುತ್ತೆ!”

“ಯಾರ್ ಹೇಳಿದ್ದು?”

“ನಾನೇ ಕೇಳ್ದೆನಲ್ಲ!”

ಅತ್ತೆ ತಡೆಯಲಾರದೆ ಸೊಸೆಯ ಮೇಲೇ ರೇಗಿದರು. “ಬರುತ್ತೋ ಬಿಡುತ್ತೋ, ಕತೆ ಶುರುವಾಗೋ ಜಾಗಕ್ಕೇ ಅಂಟು ಬಳಿದಿದೀಯಲ್ಲೇ! ಎಲ್ಲಾದಕ್ಕೂ ಬಳಿದಿದೀಯ. ಇದು ಕೊನೇ ಪುಟ ಅಲ್ಲ ಕಣೇ, ಮೊದಲನೇದು. ನಮ್ಮ ಕಡೆ ಕೇಳೋರು ಮೊದಲು ಒಂದು ಮಾತು ಹೇಳ್ಬೇಕು, ಆಮೇಲೇ ಹೇಳೋರು ಬಾಯಿ ಬಿಡೋದು. ಆ ಮಾತು ಇಲ್ಲದೆ ಕತೆ ಹೇಳೋದು ಅಂದ್ರೆ ಕದ ತಟ್ಟದೆ ಮನೆಗೆ ನುಗ್ಗಿದ ಹಾಗೆ. ಅದನ್ನ ಮೊದಲ ಪುಟದಲ್ಲಿ ಅಚ್ಚು ಹಾಕಿರ್ತಾರೆ. ನೀನು ಸರಿಯಾಗಿ ಅದರ ಮೇಲೇ ನಿನ್ನ ಚೀಲ ಮೆತ್ತಿದೀಯ.”

ಉಶ್ಶಮ್ಮ ಕಟ್ಟಿನ ಪುಸ್ತಕಗಳನ್ನು ಒಂದೊಂದಾಗಿ ತೆರೆದಳು. ಹೌದು, ಬೋಳು ಬದಿಗೆ ಮೊಹರು, ಕತೆಯ ಬಾಗಿಲಿಗೆ ಅಂಟು. ತಲೆಕೆಟ್ಟವರು ಯಾರೆಂದು ಅವಳಿಗೀಗ ಗೊತ್ತಾಯಿತು.

“ಏನು ಅಜ್ಜಿ ಆ ಮಾತು?” ಮಗಳು ಕೇಳಿದಳು.

“‘ಹೇಳು, ನಾವು ಎಚ್ಚರವಾಗಿದೀವಿ’ ಅಂತ. ಅಷ್ಟೇ.”

“ಅತ್ತೆ, ಶನಿವಾರ ನೀವೇ ಓದ್ಬೇಕು,” ಎಂದಳು ಉಶ್ಶಮ್ಮ. “ಇಲ್ಲಾಂದ್ರೆ ಪೆಟ್ಟಿಗೆ ವಾಪಸ್ ಹೋಗುತ್ತೆ. ಈ ಪುಸ್ತಕಾನೂ ಹೋಗುತ್ತೆ.”

ಅತ್ತೆಯ ಕೈ ಪುಸ್ತಕದ ಮೇಲೆ ಬಿಗಿಯಾಯಿತು. ಆದರೆ ತಲೆ ಅಡ್ಡಡ್ಡ ಆಡಿತು. “ಆಗಲ್ಲ. ನಾಲ್ಕು ಜನರ ಮುಂದೆ ಓದಲ್ಲ ಅಂತ ಮಾತು ಕೊಟ್ಟಿದೀನಿ.”

“ಯಾರಿಗೆ?”

ಅತ್ತೆ ಚಾಕು ಹಿಡಿದು ಅಂದಿನ ಅಡುಗೆಯ ತರಕಾರಿಯನ್ನು ಅಗತ್ಯಕ್ಕಿಂತ ಸಣ್ಣಗೆ ಕೊಚ್ಚತೊಡಗಿದರು.

ಗಂಡ ಲಿಫ್ಟ್ ರಿಪೇರಿ ಮಾಡುವವನು. ಕೈಗಂಟಿದ ಗ್ರೀಸು ಒರೆಸುತ್ತಾ ಸಂಜೆ ಒಳಗೆ ಬಂದ ಕೂಡಲೇ ಉಶ್ಶಮ್ಮ ಅಡುಗೆಮನೆಯಲ್ಲಿ ಅವನನ್ನು ಅಡ್ಡಗಟ್ಟಿದಳು. “ರೀ, ನಂಬ್ತೀರೋ ಇಲ್ವೋ, ನಿಮ್ಮಮ್ಮನಿಗೆ ಓದಕ್ಕೆ ಬರುತ್ತೆ ಕಣ್ರೀ!”

ಅವನು ಬೆಚ್ಚಿಬೀಳುತ್ತಾನೆ ಎಂದು ಕಾದಳು. ಅವನು ಬೆಚ್ಚಲಿಲ್ಲ. ನಲ್ಲಿ ತಿರುಗಿಸಿ ಕೈ ತೊಳೆಯುತ್ತಲೇ ಇದ್ದ. ಗ್ರೀಸೆಲ್ಲ ಹೋದ ಮೇಲೂ ತೊಳೆಯುತ್ತಿದ್ದ.

“ನಿಮಗೆ ಗೊತ್ತಿತ್ತಾ?”

“ನಂಗಾಗ ಆರು ವರ್ಷ ಕಣೇ,” ಎಂದ ಅವನು, ನೀರಿನ ಕಡೆಯೇ ನೋಡುತ್ತಾ. “ಅಮ್ಮ ದಿನಾ ರಾತ್ರಿ ಕತೆ ಓದೋಳು. ಒಂದ್ಸಲ ಶಾಲೆ ಗೇಟಿನ ಹತ್ರ ನನಗೆ ಕಾಯ್ತಾ ಕೂತು ಪುಸ್ತಕ ಓದ್ತಿದ್ಲು. ಹುಡುಗರು ಸುತ್ತ ನಿಂತು ನಕ್ರು. ನೋಡ್ರೋ, ಇವನಮ್ಮ ಪುಸ್ತಕಾನ ಬಾಲದಿಂದ ಓದ್ತಾಳೆ ಅಂತ. ಆಮೇಲೆ ದಿನಾ ಅದೇ. ನಾನು ಹಟ ಹಿಡಿದೆ. ಊಟ ಬಿಟ್ಟೆ. ನೀನು, ನಂಗೆ ಓದಕ್ಕೆ ಬರಲ್ಲ ಅಂತ ಎಲ್ಲರಿಗೂ ಹೇಳ್ಬೇಕು, ಇನ್ನು ಯಾರ ಮುಂದೆನೂ ಓದಕೂಡದು ಅಂದೆ. ಅವಳು ಆಯ್ತಪ್ಪ ಅಂದ್ಲು. ನಾನು ಊಟ ಮಾಡ್ದೆ.”

“ಆಮೇಲೆ? ದೊಡ್ಡೋರಾದ ಮೇಲೆ?”

“ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಪುಸ್ತಕಗಳು ಏನಾದ್ವು ಅಂತ ಕೇಳೋಕೂ ನಂಗೆ ಬಾಯಿ ಬರಲಿಲ್ಲ.”

“ನಾನು ಸ್ಲೇಟ್ ಹಿಡ್ಕೊಂಡು ಕೂತಿದ್ದಾಗ ನೀವು ಪಕ್ಕದಲ್ಲೇ ಇದ್ರಲ್ರೀ! ನೋಡ್ತಾ ಇದ್ರಲ್ಲ!”

ಅವನು ತಲೆ ತಗ್ಗಿಸಿದ. ಉಶ್ಶಮ್ಮ ಸಿಟ್ಟಿನಿಂದ ನಲ್ಲಿ ತಿರುವಿ ನೀರು ನಿಲ್ಲಿಸಿದಳು. ಈ ಮನುಷ್ಯನ ಜೊತೆ ಇಷ್ಟು ವರ್ಷ ಒಂದೇ ಸೂರಿನಡಿ ಬಾಳಿದ್ದೇನೆ, ಇವನು ಯಾರೆಂದೇ ಗೊತ್ತಿಲ್ಲವಲ್ಲ ಅನಿಸಿತು. ಮಾತು ಕೊಟ್ಟವರನ್ನು ಬಿಡಿಸುವುದು ಮಾತು ತೆಗೆದುಕೊಂಡವನ ಕೆಲಸ, ಶನಿವಾರ ಲೈಬ್ರರಿಯಲ್ಲಿ ಅವರು ಓದಬೇಕು, ಅದರೊಳಗೆ ಹೋಗಿ ಮಾಡಿ ಎಂದಳು. ಅವನು ಹೋಗಲಿಲ್ಲ. ಅಮ್ಮನ ಕೋಣೆಯ ಬಾಗಿಲವರೆಗೆ ಹೋಗಿ, ಬಲ್ಬು ಸರಿಯಿದೆಯಾ ಎಂದು ಕೇಳಿ, ಹಿಂದಿರುಗಿದ. ಲಿಫ್ಟಿನ ಮೋಟಾರನ್ನೇ ಬಿಚ್ಚಿಡುವ ಗಂಡಸಿಗೆ ತಾಯಿಯ ಮುಂದೆ ಬಾಯಿ ಬಿಚ್ಚುವುದು ಆಗಲಿಲ್ಲ.

ಶನಿವಾರ ಬಂತು. ಕೋಣೆಯಲ್ಲಿ ಚಾಪೆ ಹಾಸಿತ್ತು. ಬೆಟ್ಟದ ಆಚೆಯಿಂದ ಬಂದ ಕುಟುಂಬಗಳ ಮಕ್ಕಳು ಮುಂದಿನ ಸಾಲಿನಲ್ಲಿ, ಊರ ಮಕ್ಕಳು ಹಿಂದೆ, ಗೋಡೆಗೊರಗಿ ಮೇಲಧಿಕಾರಿ. ಮೊಮ್ಮಗಳು ಕೈ ಹಿಡಿದು ಎಳೆದು ತಂದಿದ್ದರಿಂದ ಅತ್ತೆ ಮೂಲೆಯ ಕುರ್ಚಿಯಲ್ಲಿ ಕೂತಿದ್ದರು, ಕೇಳಲು ಮಾತ್ರ ಬಂದಿದ್ದೇನೆ ಎಂದು ದಾರಿಯುದ್ದಕ್ಕೂ ಹೇಳಿಕೊಂಡು.

ಉಶ್ಶಮ್ಮ ಅವರ ಮಡಿಲಲ್ಲಿ ಪುಸ್ತಕ ಇಟ್ಟಳು, ಚಿತ್ರದ ಬದಿ ಮೇಲೆ ಮಾಡಿ. ಎರಡು ಸಂಜೆ ಒದ್ದೆ ಬಟ್ಟೆ ಒತ್ತಿ ಒತ್ತಿ ಆ ಒಂದು ಪುಸ್ತಕದ ಅಂಟನ್ನಾದರೂ ಅವಳು ಬಿಡಿಸಿದ್ದಳು. ಕಾಗದ ಅಲ್ಲಲ್ಲಿ ಸುಲಿದಿತ್ತು. ಆದರೂ ಆ ಒಂದು ಸಾಲು ಉಳಿದಿತ್ತು.

ಮುಂದಿನ ಸಾಲಿನ ಮಕ್ಕಳು ಆ ರಟ್ಟು ಕಂಡರು. ಮೊದಲು ಒಂದು ಪುಟ್ಟ ಹುಡುಗಿ ಏನೋ ಅಂದಳು. ಮರುಕ್ಷಣ ಇಡೀ ಸಾಲು ಒಂದೇ ದನಿಯಲ್ಲಿ ಅದನ್ನೇ ಕೂಗಿತು, ಕಿಟಕಿಯ ಗಾಜು ಝಲ್ಲೆನ್ನುವಷ್ಟು ಜೋರಾಗಿ. ತಿಂಗಳುಗಟ್ಟಲೆ ಈ ಕೋಣೆಯಲ್ಲಿ ಪಿಟಕ್ಕೆನ್ನದೆ ಕೂತು ಎದ್ದು ಹೋಗುತ್ತಿದ್ದ ಮಕ್ಕಳು ಇವರೇನಾ? ಎಷ್ಟು ಒಳ್ಳೆಯ ಮಕ್ಕಳು, ಒಂದು ಸಲವೂ ಉಶ್ ಅನ್ನಬೇಕಾಗಿಲ್ಲ ಎಂದು ಅವರನ್ನು ತಾನೇ ಹೊಗಳುತ್ತಿದ್ದಳಲ್ಲ! ಉಶ್ಶಮ್ಮ ಗರ ಬಡಿದವಳಂತೆ ನಿಂತಳು.

ಅತ್ತೆ ಪುಸ್ತಕದ ರಟ್ಟು ತೆರೆದರು. ಬೆರಳು ಆ ಸಾಲಿನ ಬಲತುದಿಯಲ್ಲಿ ನಿಂತಿತು. ಆದರೆ ಬಾಯಿ ತೆರೆಯಲಿಲ್ಲ. ಮಕ್ಕಳು ಮತ್ತೊಮ್ಮೆ ಕೂಗಿದರು. ಅವರು ತಲೆ ತಗ್ಗಿಸಿ ಪುಸ್ತಕವನ್ನು ಮೆಲ್ಲಗೆ ಮುಚ್ಚಿದರು. ಮೇಲಧಿಕಾರಿ ಗಡಿಯಾರ ನೋಡಿ, ಪೆಟ್ಟಿಗೆಯತ್ತ ನೋಡಿದರು.

ಆಗ ಬಾಗಿಲ ಕಡೆಯಿಂದ ಒಂದು ಗಂಡಸಿನ ದನಿ ಕೇಳಿತು. ಅದೇ ಮಾತು, ಅದೇ ಭಾಷೆ. ದನಿ ತುಕ್ಕು ಹಿಡಿದಿತ್ತು, ನಡುವೆ ಒಡೆಯಿತು, ಆದರೂ ಸಾಲು ಪೂರ್ತಿಯಾಯಿತು. ಎಲ್ಲರೂ ತಿರುಗಿದರು. ಕೆಲಸದ ನೀಲಿ ಬಟ್ಟೆಯಲ್ಲಿ, ಕೈಯಲ್ಲಿ ಸಲಕರಣೆಯ ಚೀಲ ಹಿಡಿದು, ಉಶ್ಶಮ್ಮನ ಗಂಡ ನಿಂತಿದ್ದ. ಆ ಭಾಷೆಯ ಒಂದು ಪದವೂ ತನಗೆ ಬರುವುದಿಲ್ಲ ಎಂದು ಮದುವೆಗೆ ಮುಂಚಿನಿಂದ ಹೇಳುತ್ತಾ ಬಂದಿದ್ದ ಗಂಡ. ಅವನು ಚಪ್ಪಲಿ ಬಿಟ್ಟು, ಮಕ್ಕಳ ನಡುವೆ ಜಾಗ ಮಾಡಿಕೊಂಡು, ಮುಂದಿನ ಸಾಲಿನಲ್ಲಿ ಚಕ್ಕಳಮಕ್ಕಳ ಹಾಕಿ ಕೂತ. ತಾಯಿಯ ಮುಖ ನೋಡಿ ಇನ್ನೊಮ್ಮೆ ಹೇಳಿದ, ಈ ಸಲ ಮಗುವಿನ ಹಾಗೆ.

ಹೇಳು, ನಾವು ಎಚ್ಚರವಾಗಿದ್ದೇವೆ.

ಅತ್ತೆ ಅವನನ್ನು ಬಹಳ ಹೊತ್ತು ನೋಡಿದರು. ಆಮೇಲೆ ಪುಸ್ತಕವನ್ನು ಚಿತ್ರದ ಬದಿಯಿಂದ ಮತ್ತೆ ತೆರೆದರು. ಸುಲಿದ ಪುಟವನ್ನು ಅಂಗೈಯಿಂದ ನೀವಿ, ಗಂಟಲು ಸರಿಮಾಡಿಕೊಂಡರು.

ಉಶ್ಶಮ್ಮ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು. ಆದರೂ ಅಳು ತಡೆಯಲಿಲ್ಲ, ಬಿಕ್ಕು ಎಲ್ಲರಿಗೂ ಕೇಳಿಸುವಂತೆ ಹೊರಬಂತು. ಅತ್ತೆ ಓದುವ ಮುಂಚೆ ತಲೆಯೆತ್ತಿ ಸೊಸೆಯತ್ತ ನೋಡಿದರು, ತುಟಿಯ ಮೇಲೆ ಬೆರಳಿಟ್ಟರು.

“ಉಶ್!” ಎಂದರು.