ಸೋರುವ ಕುಂಡ

ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಮನೆಯವರೆಲ್ಲ ಹೇಳುತ್ತಾರೆ. ಹೇಳಲಿ. ಬೆಳಿಗ್ಗೆ ಧೋ ಎಂದು ಮಳೆ, ಮಧ್ಯಾಹ್ನ ನೆತ್ತಿ ಸುಡುವ ಬಿಸಿಲು, ಸಂಜೆಗೆ ಮತ್ತೆ ಮೋಡ. ಒಗೆದ ಬಟ್ಟೆ ಒಣಗುವುದಿಲ್ಲ, ಡಬ್ಬಿಯೊಳಗಿನ ಉಪ್ಪು ನೀರಾಗುತ್ತದೆ, ಗೋಡೆಗಳು ಬೆವರುತ್ತವೆ. ಇಂಥ ಹವೆಯಲ್ಲಿ ಒಂದೇ ಒಂದು ಆರ್ಕಿಡ್ ಬದುಕಿಸಿ ತೋರಿಸಿ, ಆಮೇಲೆ ನನಗೆ ತಾಳ್ಮೆಯ ಪಾಠ ಹೇಳಿ.

ಗಿಡ ಅಮ್ಮನದು. ಅಮ್ಮ ಹೋದ ಮೇಲೆ ಅವಳ ಮನೆ ಖಾಲಿ ಮಾಡುವಾಗ ಅಕ್ಕ ಪಾತ್ರೆಗಳನ್ನು ತೆಗೆದುಕೊಂಡಳು, ಅಣ್ಣ ಮಂಚ ಸಾಗಿಸಿದ, ನಾನು ಈ ಕುಂಡ ಎತ್ತಿಕೊಂಡು ಬಂದೆ. ಬಿಳಿ ಹೂವು, ನಡುವೆ ನೇರಳೆ ತುಟಿ. ಅಮ್ಮ ದಿನಾ ಮುಟ್ಟಿ ಮಾತಾಡಿಸುತ್ತಿದ್ದವುಗಳಲ್ಲಿ ಇನ್ನೂ ಜೀವ ಇರುವುದು ಇದೊಂದಕ್ಕೇ. ಇದೂ ಸತ್ತರೆ ನನ್ನಿಂದ ತಡೆಯಲು ಆಗುವುದಿಲ್ಲ. ಅಷ್ಟೇ ವಿಷಯ.

ಅದರ ಬೇರು ಕೊಳೆಯಲು ಶುರುವಾಯಿತು. ಆರ್ಕಿಡ್‌ಗೆ ಮಣ್ಣು ಆಗದು, ಬೇರಿಗೆ ಗಾಳಿ ಆಡಬೇಕು. ಅಮ್ಮ ತೆಂಗಿನ ಸಿಪ್ಪೆಯ ತುಂಡುಗಳಲ್ಲಿ ನೆಟ್ಟಿದ್ದಳು. ನರ್ಸರಿಯವನು ನೋಡಿ, "ಸಿಪ್ಪೆ ನೀರು ಹಿಡ್ಕೊಳ್ಳುತ್ತೆ ಮೇಡಂ, ಈ ಹವೆಗೆ ನಡೆಯಲ್ಲ. ಮರದ ತೊಗಟೆ ಹಾಕಿ" ಎಂದ. ಹಾಕಿದೆ. ಇನ್ನೊಂದು ಬೇರು ಕಪ್ಪಾಯಿತು. "ಹಾಗಾದ್ರೆ ಇದ್ದಿಲು ಸೇರಿಸಿ." ಸೇರಿಸಿದೆ. ಎಲೆ ಹಳದಿಯಾಯಿತು. "ತೊಗಟೆ ತೆಗೆದು ಬರೀ ಇಟ್ಟಿಗೆ ಚೂರು ಹಾಕಿ ನೋಡಿ." ನೋಡಿ ಅಂತೆ! ನೋಡಿ ನೋಡಿಯೇ ಗಿಡ ಅರ್ಧವಾಗಿತ್ತು. ಫೋನಿನ ಗುಂಪಿನಲ್ಲಿ ಕೇಳಿದರೆ ಒಬ್ಬರು ಪಾಚಿಯೇ ಸರಿ ಎಂದರು, ಇನ್ನೊಬ್ಬರು ಪಾಚಿ ಹಾಕಿದರೆ ಗಿಡದ ಕಥೆ ಮುಗಿಯಿತು ಎಂದರು. ಆಮೇಲೆ ಅವರಿಬ್ಬರೂ ಜಗಳಕ್ಕೆ ಬಿದ್ದು ನನ್ನ ಪ್ರಶ್ನೆಯನ್ನೇ ಮರೆತರು.

"ನನ್ನನ್ನ ಆರಿಸ್ಕೊಳ್ಳುವಾಗಲೂ ನೀನು ಇಷ್ಟು ತಲೆ ಕೆಡಿಸ್ಕೊಂಡಿರ್ಲಿಲ್ಲ" ಎಂದರು ನನ್ನ ಗಂಡ.

"ಅದಕ್ಕೇ ಈಗ ಅನುಭವಿಸ್ತಿದೀನಿ" ಎಂದೆ.

ನಾನು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವಳು. ಕೂದಲೆಳೆಯಷ್ಟು ಗೀರಿದ್ದರೂ ಹಿಡಿಯುವ ಕಣ್ಣು ನನ್ನದು. ಆದರೆ ನನ್ನ ಮನೆಯ ಬಾಲ್ಕನಿಯಲ್ಲಿ ಏನು ನಡೆಯುತ್ತಿದೆ ಎಂದು ಮಾತ್ರ ಗೊತ್ತಾಗಲಿಲ್ಲ.

ಬಾಲ್ಕನಿ ಇರುವುದು ಮಾವನ ಕೋಣೆಗೆ ಅಂಟಿಕೊಂಡು. ಮಾವ ಜೀವಮಾನವೆಲ್ಲ ಬಸ್ಸು ಓಡಿಸಿದವರು. ಲಕ್ವ ಹೊಡೆದ ಮೇಲೆ ಅವರ ಬಲಗೈ ಸತ್ತ ಹಾಗೆ ತೊಡೆಯ ಮೇಲೆ ಬಿದ್ದಿರುತ್ತದೆ. ಅಂಗಿಯ ಗುಂಡಿಯನ್ನು ನನ್ನ ಗಂಡ ಹಾಕಬೇಕು, ಹಣ್ಣನ್ನು ನಾನು ಹೆಚ್ಚಿ ಕೊಡಬೇಕು. ವ್ಯಾಯಾಮ ಹೇಳಿಕೊಡುವಾಕೆ ಬಂದು ರಬ್ಬರ್ ಚೆಂಡು ಕೊಟ್ಟರೆ ಅದನ್ನು ಮಂಚದ ಕೆಳಗೆ ಉರುಳಿಸಿಬಿಡುತ್ತಿದ್ದರು. "ಮಕ್ಕಳಾಟ" ಎನ್ನುತ್ತಿದ್ದರು. "ಏನಾದ್ರೂ ಕೆಲ್ಸ ಕೊಡಮ್ಮ, ಸುಮ್ನೆ ಕೂತು ಸಾಕಾಗಿದೆ" ಎಂದು ನನ್ನ ಬೆನ್ನು ಬಿದ್ದಿದ್ದವರು, ಇತ್ತೀಚೆಗೆ ಕೇಳುವುದನ್ನೇ ಬಿಟ್ಟಿದ್ದರು. ಸದ್ಯ, ಒಂದು ಕಾಟ ತಪ್ಪಿತು ಎಂದುಕೊಂಡಿದ್ದೆ.

ರಜೆಯ ದಿನ ಬೆಳಿಗ್ಗೆ ಕುಂಡ ಎತ್ತಿದರೆ ಕಲ್ಲಿನಷ್ಟು ಭಾರ. ವಾಲಿಸಿದರೆ ಮೇಲಿನಿಂದ ನೀರು ನನ್ನ ಕಾಲ ಮೇಲೆ ಸುರಿಯಿತು, ನಾರುವ ನೀರು. ತಳ ತಿರುಗಿಸಿ ನೋಡಿದೆ. ನೀರು ಬಸಿದು ಹೋಗಲು ಇದ್ದ ತೂತುಗಳಿಗೆಲ್ಲ ಬೂದು ಬಣ್ಣದ ಮೇಣ ಮೆತ್ತಿತ್ತು. ಪೈಪು ಒಡೆದಾಗ ಹಚ್ಚುತ್ತಾರಲ್ಲ, ಅದು. ಕಲ್ಲಾಗಿತ್ತು.

"ಸೋರ್ತಿತ್ತಮ್ಮ" ಎಂದರು ಮಾವ, ಬಾಗಿಲಲ್ಲಿ ನಿಂತು. ಮುಖದಲ್ಲಿ ಹೆಮ್ಮೆ. "ಮುಂಚೆ ಅಷ್ಟಿರ್ಲಿಲ್ಲ. ನೀನು ಆ ಇಟ್ಟಿಗೆ ಹಾಕಿದ ಮೇಲೆ ಒಂದು ತೊಟ್ಟೂ ನಿಲ್ತಿರ್ಲಿಲ್ಲ. ಕಟ್ಟಿಬಿಟ್ಟೆ."

"ದಿನಾ ನೀರು ಹಾಕ್ತಿದ್ರಾ?"

"ಮತ್ತೆ? ರೇಡಿಯೇಟರ್ ನೀರು ನೋಡ್ದೆ ಒಂದು ದಿನಾನೂ ಬಸ್ಸು ತೆಗೆದೋನಲ್ಲ ನಾನು. ಎದ್ದ ತಕ್ಷಣ ಮೊದಲು ನೀರು."

ನನಗೆ ಮೈಯೆಲ್ಲ ಉರಿಯಿತು. ಬೇರು ಒಣಗಲಿ ಎಂದು ನಾನು ಏನೇನೋ ಬದಲಾಯಿಸುವುದು, ಒಣಗಿತಲ್ಲ ಎಂದು ಇವರು ಇನ್ನಷ್ಟು ಸುರಿಯುವುದು! ನಾನು ಬೈದದ್ದು ಮಳೆಯನ್ನು, ನರ್ಸರಿಯವನನ್ನು.

"ಇದು ನಿಮ್ಮ ಬಸ್ಸಲ್ಲ ಮಾವ! ನನ್ನ ಅಮ್ಮನ ಗಿಡ! ಯಾರು ಮುಟ್ಟೋಕೆ ಹೇಳಿದ್ರು ನಿಮ್ಗೆ?"

ಅವರು ನೀರಿನ ಮಗ್ಗನ್ನು ಕಿಟಕಿಯ ಕಟ್ಟೆಯ ಮೇಲೆ ಬೋರಲು ಹಾಕಿ ಒಳಗೆ ಹೋದರು. ಮರುದಿನ ಬೆಳಿಗ್ಗೆ ಹಾಸಿಗೆಯಿಂದ ಏಳಲಿಲ್ಲ. ಅದರ ಮರುದಿನವೂ ಇಲ್ಲ. ನನ್ನ ಗಂಡ ಎಬ್ಬಿಸಲು ಹೋದರೆ, "ಎದ್ದು ಏನು ಮಾಡ್ಲಿ?" ಎಂದು ಗೋಡೆಯ ಕಡೆ ತಿರುಗಿದರು. ಗಂಡ ನನ್ನ ಮುಖ ನೋಡಿದರು. ನನ್ನ ಮುಖ ಯಾಕೆ ನೋಡಬೇಕು? ಗಿಡ ಯಾರದು ಸತ್ತದ್ದು?

ಸತ್ತಿರಲಿಲ್ಲ. ಕೊಳೆತದ್ದೆಲ್ಲ ಕತ್ತರಿಸಿದ ಮೇಲೂ ಒಂದೆರಡು ಗಟ್ಟಿ ಬೇರು ಉಳಿದಿದ್ದವು. ಕುಂಡ ತೊಳೆಯಲು ಕೂತು, ಹಲ್ಲು ಕಚ್ಚಿಕೊಂಡು ಚಾಕುವಿನಿಂದ ಆ ಮೇಣ ಕೆರೆಯುತ್ತಿದ್ದೆ. ಒಂದು ಚೂರು ಅಂಗೈಗೆ ಬಿತ್ತು. ಕೆಲಸದ ಅಭ್ಯಾಸ, ಬೆಳಕಿಗೆ ಹಿಡಿದೆ. ಆ ಮೇಣ ಕಪ್ಪೊಂದು ಬಿಳಿಯೊಂದು ಎರಡು ಉಂಡೆಯಾಗಿ ಬರುತ್ತದೆ, ಎರಡನ್ನೂ ಸೇರಿಸಿ ಚೆನ್ನಾಗಿ ನಾದಬೇಕು. ಇದರಲ್ಲಿ ಒಂದು ಬಿಳಿ ಗೆರೆಯೂ ಇರಲಿಲ್ಲ. ಗಟ್ಟಿಯಾಗುವ ಮೊದಲೇ ಅಷ್ಟು ನಯವಾಗಿ ನಾದಲು ಮಾವನ ಎಡಗೈ ಒಂದೇ ಸಾಲುವುದಿಲ್ಲ.

ಚಾಕು ಕೆಳಗಿಟ್ಟೆ. ಅಳು ಬಂತು, ಅದಕ್ಕೂ ಸಿಟ್ಟು ಬಂತು.

ನರ್ಸರಿಯವನು ನನ್ನನ್ನು ಕಂಡು, "ಈ ಸಲ ಏನು ಹಾಕ್ತೀರಾ?" ಎಂದ.

"ಏನೂ ಹಾಕಲ್ಲ. ಕಟ್ಟೋಕೆ ಒಂದು ಮರದ ತುಂಡು ಕೊಡಿ."

"ಬರೀ ಮರಕ್ಕಾ? ಬಿಸಿಲು ಬಂದ್ರೆ ಬೇಗ ಒಣಗಿಬಿಡುತ್ತೆ ಮೇಡಂ. ದಿನಾ ಬೆಳಿಗ್ಗೆ ತಪ್ಪದೆ ನೀರು ಹಾಕ್ಬೇಕು. ಅಷ್ಟು ಪುರುಸೊತ್ತು ಯಾರಿಗಿರುತ್ತೆ?"

"ನಮ್ಮನೇಲಿ ಒಬ್ರಿಗಿದೆ" ಎಂದೆ.

ಮಾವನ ಹಾಸಿಗೆಯ ಪಕ್ಕಕ್ಕೆ ಮರದ ತುಂಡನ್ನೂ ಗಿಡವನ್ನೂ ತಂದು ಕೂತೆ. ಕ್ಷಮೆ ಕೇಳುವುದು ನನಗೆ ಬರುವುದಿಲ್ಲ. "ದಾರ ಹಿಡ್ಕೊಳ್ಳಿ ಮಾವ, ಜಾರ್ತಿದೆ. ಆ ಕೈಲಲ್ಲ, ಈ ಕೈಲಿ" ಎಂದೆ. ಅವರು ಗೋಡೆಯ ಕಡೆಯಿಂದ ಇತ್ತ ತಿರುಗಿ ಎದ್ದು ಕೂತರು. ಆಮೇಲೆ ಬಲಗೈ ಮೆಲ್ಲಗೆ ಬಂದು ದಾರದ ತುದಿ ಒತ್ತಿ ಹಿಡಿಯಿತು. ನಾನು ಗಂಟು ಹಾಕಿದೆ.

ಮರುದಿನ ಬೆಳಿಗ್ಗೆ ಬಾಲ್ಕನಿಯಲ್ಲಿ ಮಗ್ಗಿನ ಸದ್ದು. ಹೋಗಿ ನೋಡಿದರೆ ಮಾವ ನೀರು ಹಾಕಿ ಬಗ್ಗಿ ನಿಂತಿದ್ದರು. ನೀರು ಬೇರುಗಳನ್ನು ತೋಯಿಸಿ, ಮರದಿಂದಿಳಿದು, ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಅಳುಕಿನಿಂದ ನನ್ನ ಕಡೆ ತಿರುಗಿದರು.

"ಪೂರ್ತಿ ಸೋರಿ ಹೋಗ್ತಿದೆಯಲ್ಲಮ್ಮ."

"ಹೋಗ್ಲಿ ಮಾವ" ಎಂದೆ. "ನಾಳೆ ಮತ್ತೆ ಹಾಕಿ."