ಎಪ್ಪತ್ತನೆಯ ಗಂಟೆಯಲ್ಲಿ ಕಡಿದ ಸಿಗ್ನಲ್

ಲ್ಯಾಬಿನಲ್ಲಿ ಎಲ್ಲರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು, ಅವಳಿಗಿಂತ ಹತ್ತು ವರ್ಷ ದೊಡ್ಡವರಾದ ಮುಖ್ಯಸ್ಥ ಮೇಷ್ಟ್ರು ಕೂಡ. ಹಾಗೆ ಕರೆಯುವ ಹಕ್ಕಿದ್ದ ಒಬ್ಬಳೇ ತಂಗಿ ತೀರಿಕೊಂಡು ಹತ್ತೊಂಬತ್ತು ದಿನವಾಗಿತ್ತು. ಅಕ್ಕ ಮೂರನೆಯ ದಿನಕ್ಕೇ ಕೆಲಸಕ್ಕೆ ಬಂದು ಕೂತಿದ್ದಳು. ಹಸಿವು ಗೊತ್ತಾಗುತ್ತಿರಲಿಲ್ಲ, ತಿಂದದ್ದರ ರುಚಿಯೂ ಗೊತ್ತಾಗುತ್ತಿರಲಿಲ್ಲ. ಕಲ್ಲಾದರೂ ಬಿಸಿಲಿಗೆ ಕಾಯುತ್ತದೆ, ಇವಳು ಅದಕ್ಕೂ ಕಡೆಯಾಗಿದ್ದಳು.

ಆಂಬುಲೆನ್ಸಿಗೆ ಹಾಕುವ ರೇಡಿಯೋದ ಪರೀಕ್ಷೆ ನಡೆದಿತ್ತು. ಸಿಗ್ನಲ್ ಹುಟ್ಟಿಸುವ ಜನರೇಟರಿನಿಂದ ಅದಕ್ಕೆ ಎಪ್ಪತ್ತೆರಡು ಗಂಟೆ ಎಡೆಬಿಡದೆ ಸಿಗ್ನಲ್ ಹೋಗಬೇಕು; ನಡುನಡುವೆ ಸಿಗ್ನಲ್ಲಿನ ಮಟ್ಟವನ್ನು ಏರಿಳಿಸಬೇಕು. ಸುಮ್ಮನೆ ಗುಂಡಿ ತಿರುಗಿಸಿದರೆ ಒಳಗಿನ ರಿಲೇ ಎಂಬ ಪುಟ್ಟ ಸ್ವಿಚ್ಚು ಟಿಕ್ಕೆಂದು ಜಾಗ ಬದಲಿಸಿ, ಆ ಕ್ಷಣ ಸಿಗ್ನಲ್ ಕಡಿಯುತ್ತದೆ. ಕಡಿದರೆ ಮತ್ತೆ ಮೊದಲಿಂದ. ಅದಕ್ಕೇ ಮೊದಲು ಹೋಲ್ಡ್ ಎಂಬ ಬಟನ್ ಒತ್ತಿ ರಿಲೇಯನ್ನು ಇದ್ದಲ್ಲೇ ನಿಲ್ಲಿಸಬೇಕು. ಇದನ್ನು ಇಡೀ ಲ್ಯಾಬಿಗೆ ಕಲಿಸಿದವಳೇ ಅಕ್ಕ.

"ಇದು ಮುಗಿದ ತಕ್ಷಣ ನಿಮಗೆ ಒಂದು ತಿಂಗಳು ರಜೆ," ಎಂದು ಮೇಷ್ಟ್ರು ಬೆಳಿಗ್ಗೆ ಕಡ್ಡಿ ಮುರಿದಂತೆ ಹೇಳಿದ್ದರು. ರಜೆ ಎಂದರೆ ಇಡೀ ದಿನ ಮನೆ. ಬಾಗಿಲಲ್ಲಿ ತಂಗಿಯ ಚಪ್ಪಲಿ ಬಿಟ್ಟ ಹಾಗೇ ಇತ್ತು. ಹಗಲಲ್ಲಿ ಆ ಮನೆಯೊಳಗೆ ಕೂರಲು ಅಕ್ಕನಿಗೆ ಭಯ. ಅವಳಲ್ಲಿ ಉಳಿದಿದ್ದದ್ದು ಆ ಭಯವೊಂದೇ.

ಎಪ್ಪತ್ತನೆಯ ಗಂಟೆಯಲ್ಲಿ ಅವಳ ಬೆರಳು ಹೋಲ್ಡ್ ಮುಟ್ಟದೆ ನೇರ ಗುಂಡಿಗೆ ಹೋಗಿ ಅದನ್ನು ತಿರುಗಿಸಿತು. ಟಿಕ್. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

"ಮೇಷ್ಟ್ರೇ, ಸಿಗ್ನಲ್ ಕಡೀತು. ಮೊದಲಿಂದ ಶುರು ಮಾಡ್ಬೇಕು."

ಮೇಷ್ಟ್ರು ಪರದೆಗೆ ಬಗ್ಗಿದರು. "ಇಲ್ಲೇನೂ ಕಾಣ್ತಿಲ್ವಲ್ಲ ಅಕ್ಕ."

"ಸೆಕೆಂಡಿಗೊಂದ್ಸಲ ಬರೆಯೋ ಯಂತ್ರಕ್ಕೆ ಅದು ಸಿಗಲ್ಲ. ನನ್ನ ಕಿವಿಗೆ ಬಿತ್ತು."

"ಹೋಲ್ಡ್ ಒತ್ತೋದನ್ನ ನೀವು ಮರೆತ್ರಾ?"

ಹೂಂ ಅಂದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು.

"ಮರೀಲಿಲ್ಲ," ಎಂದಳು.

ಮೇಷ್ಟ್ರು ಕುರ್ಚಿ ಎಳೆದು ಕೂತರು. ಬೈದಿದ್ದರೆ ಅವಳು ಸುಲಭವಾಗಿ ತಡೆದುಕೊಳ್ಳುತ್ತಿದ್ದಳು. ಅವರು ಬೈಯಲಿಲ್ಲ. ತಾವೇ ಕೈ ಚಾಚಿ ಗಂಟೆಯ ಲೆಕ್ಕವನ್ನು ಸೊನ್ನೆಗೆ ತಂದರು.

"ಇನ್ನು ಮೂರು ದಿನ. ಆಮೇಲೆ ನಾನೂ ನನ್ನ ಹೆಂಡ್ತಿನೂ ನಿಮ್ಮ ಜೊತೆ ಮನೆಗೆ ಬರ್ತೀವಿ. ಬೀಗ ನಾನು ತೆಗೀತೀನಿ, ನೀವು ಹಿಂದೆ ಬನ್ನಿ."

ಅಕ್ಕ ಈ ಸಲ ಮೊದಲು ಹೋಲ್ಡ್ ಒತ್ತಿದಳು.

"ನನ್ನ ತಂಗಿ ಮಂಚ ಮಾತ್ರ ಎತ್ತಿಡಬೇಡಿ," ಎಂದಳು.

"ಯಾರು ಎತ್ತಿಡ್ತಾರೆ," ಎಂದರು ಮೇಷ್ಟ್ರು. "ನಾವು ಮೂರೂ ಜನ ಕೂರೋಕೆ ಅದು ಬೇಡ್ವಾ."