ಸೆಕ್ರೆಟರಿಯವರ ಮಾದರಿ ಆಡಳಿತ

ಬಣ್ಣದ ಕಂಪನಿಯ ಗೋದಾಮಿನಲ್ಲಿ ಅವರ ಮಾತನ್ನು ಡಬ್ಬಗಳೂ ಕೇಳುತ್ತಿರಲಿಲ್ಲ. ಮನೆಯಲ್ಲಿ ಹೆಂಡತಿ ಕೇಳುತ್ತಿದ್ದಳು, ಆದರೆ ಅದರಂತೆ ನಡೆಯುತ್ತಿರಲಿಲ್ಲ. ಆದ್ದರಿಂದ ದೇವರು ಕರುಣೆಯಿಟ್ಟು ಅವರಿಗಾಗಿ ನಾಲ್ಕಂತಸ್ತಿನ ಒಂದು ಕಟ್ಟಡವನ್ನೂ, ಆ ಕಟ್ಟಡಕ್ಕೊಂದು ನಿವಾಸಿಗಳ ಸಂಘವನ್ನೂ, ಸಂಘಕ್ಕೊಂದು ಸೆಕ್ರೆಟರಿ ಹುದ್ದೆಯನ್ನೂ ಸೃಷ್ಟಿಸಿದ್ದ. ಮಗಳು ಅಂಬೆಗಾಲಿಡುತ್ತಿದ್ದಾಗ ಆ ಕುರ್ಚಿಯಲ್ಲಿ ಕೂತವರು ಅವಳು ಶಾಲೆಯ ಕೊನೆಯ ವರ್ಷಕ್ಕೆ ಬಂದರೂ ಎದ್ದಿರಲಿಲ್ಲ. ಕಟ್ಟಡದಲ್ಲಿ ಎಲ್ಲರೂ ಅವರನ್ನು ಸೆಕ್ರೆಟರಿ ಎಂದೇ ಕರೆಯುತ್ತಿದ್ದರು. ಹೆಂಡತಿಯೂ ಹಾಗೇ ಕರೆಯುತ್ತಿದ್ದಳು, ಗೌರವ ಮಾತ್ರ ಒಂದು ಚಿಟಿಕೆ ಕಡಿಮೆ.

ಮಗಳು ಆ ವರ್ಷ ತುಲನಾತ್ಮಕ ರಾಜಕೀಯವನ್ನು ಆರಿಸಿಕೊಂಡಳು. ಅದೂ ಸಾಮಾನ್ಯ ತರಗತಿಯಲ್ಲ, ಜಾಣ ಮಕ್ಕಳಿಗೆಂದೇ ಇಟ್ಟಿದ್ದ ಮೇಲ್ಮಟ್ಟದ ತರಗತಿ. ಬೇರೆ ಬೇರೆ ದೇಶಗಳಲ್ಲಿ ಅಧಿಕಾರ ಯಾರ ಕೈಯಲ್ಲಿದೆ, ಹೇಗೆ ಬಂತು, ಯಾಕೆ ಬಿಡುವುದಿಲ್ಲ ಎಂದು ಹೋಲಿಸಿ ನೋಡುವ ವಿದ್ಯೆ. ಸೆಕ್ರೆಟರಿ ಈ ಸುದ್ದಿಯನ್ನು ಲಿಫ್ಟಿನಲ್ಲಿ, ಮೆಟ್ಟಿಲಲ್ಲಿ, ನೀರಿನ ಟ್ಯಾಂಕಿನ ಪಕ್ಕದಲ್ಲಿ, ಸಿಕ್ಕಸಿಕ್ಕವರ ಕಿವಿಗೆ ಹಾಕಿದರು. ಸಂಘದ ಖಜಾಂಚಿಗಂತೂ ಎರಡು ಸಲ ಹೇಳಿದರು, ಏಕೆಂದರೆ ಖಜಾಂಚಿಯ ಮಗ ಅದೇ ಶಾಲೆಯ ಸಾಮಾನ್ಯ ತರಗತಿಯಲ್ಲಿದ್ದ.

ಮೊದಲ ಪರೀಕ್ಷೆಯ ಫಲಿತಾಂಶ ಬಂದಾಗ ಮಗಳ ಅಂಕ ಅವಳ ಚಪ್ಪಲಿಯ ಅಳತೆಗಿಂತ ಕಡಿಮೆಯಿತ್ತು. ವಿಷಯ ಅವಳಿಗೆ ಕಬ್ಬಿಣದ ಕಡಲೆಯಾಗಿತ್ತು. ವರ್ಷದ ನಡುವೆ ಮಾಡುವ ಕ್ಷೇತ್ರ ಅಧ್ಯಯನದಲ್ಲಿ ಪಾಸಾಗದಿದ್ದರೆ ಸಾಮಾನ್ಯ ತರಗತಿಗೆ ಇಳಿಸಲಾಗುವುದು ಎಂದು ಶಾಲೆಯ ಮೇಷ್ಟ್ರು ಸ್ಪಷ್ಟವಾಗಿ ಹೇಳಿ ಕಳಿಸಿದರು. ಮಗಳು ರಾತ್ರಿ ಊಟ ಬಿಟ್ಟು ಮುಖ ಊದಿಸಿಕೊಂಡು ಕೂತಳು. ಅವಳಿಗೆ ಈ ವಿಷಯವನ್ನೇ ಮುಂದೆ ಓದಬೇಕೆಂಬ ಆಸೆ ಗಟ್ಟಿಯಾಗಿತ್ತು, ತರಗತಿ ತಪ್ಪಿದರೆ ಆ ದಾರಿಯೂ ಮುಚ್ಚಿಹೋಗುತ್ತಿತ್ತು. ಸೆಕ್ರೆಟರಿಗೂ ಚಿಂತೆ ಹತ್ತಿತು. ಅದರಲ್ಲಿ ಮುಕ್ಕಾಲು ಪಾಲು ಮಗಳಿಗಾಗಿ, ಉಳಿದದ್ದು ಖಜಾಂಚಿಯ ನಗುವಿಗಾಗಿ.

ಟ್ಯೂಷನ್ನಿಗೆ ಜನ ಹುಡುಕುವ ಕೆಲಸ ಶುರುವಾಯಿತು. ಮೊದಲು ಬಂದಾತ ರಾಜಕೀಯಕ್ಕೂ ಅಕೌಂಟ್ಸಿಗೂ ಒಂದೇ ದರ ಎಂದ. ಎರಡನೆಯವರು ಫೋನಿನ ಪರದೆಯಲ್ಲಿ ಪಾಠ ಮಾಡುವವರು. ಪ್ರಜಾಪ್ರಭುತ್ವ ಎನ್ನಲು ಬಾಯಿ ತೆರೆದರೆ ಪರದೆ ನಿಂತುಹೋಗುತ್ತಿತ್ತು, ಮತ್ತೆ ಚಲಿಸುವ ಹೊತ್ತಿಗೆ ಅವರು ಮಿಲಿಟರಿ ಆಡಳಿತಕ್ಕೆ ಬಂದಿರುತ್ತಿದ್ದರು. ಕೊನೆಗೆ ಸಿಕ್ಕವರು ನಿವೃತ್ತ ಉಪನ್ಯಾಸಕಿ, ಕನ್ನಡಕದ ಮೇಲಿಂದ ನೋಡುವ, ಅನವಶ್ಯಕವಾಗಿ ನಗದ ಹೆಂಗಸು. ಅವರನ್ನು ಎಲ್ಲರೂ ಮೇಡಂ ಎಂದರು.

ಪಾಠ ನಡೆಯುತ್ತಿದ್ದದ್ದು ಊಟದ ಮೇಜಿನ ಮೇಲೆ. ಸೆಕ್ರೆಟರಿ ಪಕ್ಕದ ಸೋಫಾದಲ್ಲಿ ಪೇಪರ್ ಹಿಡಿದು ಕಾವಲು ಕೂರುತ್ತಿದ್ದರು. ಮೇಡಂ ಒಂದು ದಿನ ಕೇಳಿದರು: "ಒಂದು ದೇಶದಲ್ಲಿ ಚುನಾವಣೆ ತಪ್ಪದೆ ನಡೆಯುತ್ತೆ. ಆದರೂ ಪ್ರತಿ ಸಲ ಅದೇ ಮನುಷ್ಯ ಗೆಲ್ತಾನೆ. ಯಾಕೆ?"

ಮಗಳು ಯೋಚಿಸಿ, "ಜನಕ್ಕೆ ಅವರು ಇಷ್ಟ ಇರಬಹುದು" ಎಂದಳು.

ಮೇಡಂ ಕಣ್ಣು ಮುಚ್ಚಿಕೊಂಡರು. ಆಗ ಪೇಪರಿನ ಹಿಂದಿನಿಂದ ದನಿಯೊಂದು ಬಂತು.

"ಇಷ್ಟ ಗಿಷ್ಟ ಏನೂ ಅಲ್ಲ. ಸಭೆ ಯಾವಾಗ ಕರೀತೀವಿ ಅನ್ನೋದರ ಮೇಲೆ ಎಲ್ಲಾ ಹೋಗುತ್ತೆ."

ಮೇಡಂ ಕಣ್ಣು ತೆರೆದರು. "ಬಿಡಿಸಿ ಹೇಳಿ."

ಬಿಡಿಸಿ ಹೇಳು ಎಂದು ಸೆಕ್ರೆಟರಿಗೆ ಹುಟ್ಟಿದಾರಭ್ಯ ಯಾರೂ ಹೇಳಿರಲಿಲ್ಲ. ಅವರು ಪೇಪರ್ ಮಡಿಸಿಟ್ಟು ಮೇಜಿಗೇ ಬಂದರು. ವಾರ್ಷಿಕ ಸಭೆಯನ್ನು ಕೆಲಸದ ದಿನ ಮಧ್ಯಾಹ್ನ ಇಡಬೇಕು, ಎಲ್ಲರೂ ಆಫೀಸಿನಲ್ಲಿರುತ್ತಾರೆ. ನೋಟಿಸ್ ಹಾಕಲೇಬೇಕು, ನಿಯಮ ನಿಯಮವೇ. ಆದರೆ ಟ್ಯಾಂಕ್ ತೊಳೆಯುವ ನೋಟಿಸಿನ ಕೆಳಗೆ, ಸಣ್ಣ ಅಕ್ಷರದಲ್ಲಿ ಹಾಕಬೇಕು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

"ವಿರೋಧ ಮಾಡೋರು ಇದ್ದರೆ?" ಎಂದು ಮೇಡಂ ಕೇಳಿದರು.

"ಅವರಿಗೊಂದು ಹುದ್ದೆ ಕೊಡೋದು. ನಮ್ಮ ಖಜಾಂಚಿ ಇದಾನಲ್ಲ, ಮೊದಲು ಸಭೇಲಿ ಮೇಜು ಕುಟ್ಟಿ ಕುಟ್ಟಿ ಮಾತಾಡ್ತಿದ್ದ. ಖಜಾಂಚಿ ಮಾಡಿದೆ. ಈಗ ನಾನು ಕೆಮ್ಮಿದರೂ ಅನುಮೋದಿಸ್ತಾನೆ."

ಮೇಡಂ ಮಗಳ ಕಡೆ ತಿರುಗಿ, "ಇದನ್ನ ಬರ್ಕೋ. ಪುಸ್ತಕದಲ್ಲಿ ಇಷ್ಟು ಚೆನ್ನಾಗಿಲ್ಲ" ಎಂದರು.

ಮುಗಿಯಿತು. ಹೊಗಳಿಕೆಯ ರುಚಿ ಹತ್ತಿದ ಮೇಲೆ ಸೆಕ್ರೆಟರಿಯನ್ನು ಸೋಫಾಕ್ಕೆ ವಾಪಸ್ ಕಳಿಸಲು ಯಾರಿಂದಲೂ ಆಗಲಿಲ್ಲ. ಪಾಠದ ದಿನ ಗೋದಾಮಿನಿಂದ ಬೇಗ ಬರತೊಡಗಿದರು. ಮಗಳೂ ಚುರುಕಾದಳು. ಇಷ್ಟು ದಿನ ನಕ್ಷೆಯ ಮೇಲಿನ ಬಣ್ಣವಾಗಿದ್ದ ದೇಶಗಳು ಈಗ ಅವಳಿಗೆ ಎರಡನೇ ಮಹಡಿಯಷ್ಟು ಹತ್ತಿರವಾದವು. ಅಂಕ ಏರಿತು. ಕ್ಷೇತ್ರ ಅಧ್ಯಯನಕ್ಕೆ ತಮ್ಮ ಕಟ್ಟಡವನ್ನೇ ಆರಿಸಿಕೊಂಡು, ಪುಸ್ತಕದ ಒಂದು ದೇಶದೊಂದಿಗೆ ಹೋಲಿಸುವುದಾಗಿ ಅವಳು ಹೇಳಿದಾಗ ಸೆಕ್ರೆಟರಿಯ ಎದೆ ಉಬ್ಬಿತು. ಮಾದರಿ ಆಡಳಿತ ಎಂದರೆ ಇದೇ ತಾನೇ, ಶಾಲೆಯಲ್ಲಿ ಪಾಠವಾಗುವಂಥದ್ದು.

"ಯಾವುದರ ಮಾದರಿ ಅಂತ ಕೇಳಿದಿರಾ?" ಎಂದಳು ಹೆಂಡತಿ, ಬಟ್ಟೆ ಮಡಿಸುತ್ತಾ. ಅವರು ಕೇಳಿರಲಿಲ್ಲ.

ಕೊನೆಯ ಪಾಠದ ದಿನ ಮೇಡಂ ಕೇಳಿದರು, "ನಿಮ್ಮ ವಿರುದ್ಧ ಯಾರಾದರೂ ನಿಜವಾಗಿ ನಿಂತಿದ್ದರಾ?"

"ಒಂದೇ ಒಂದು ಸಲ. ಕೆಳಮನೆ ಟೈಲರಮ್ಮ." ಸೆಕ್ರೆಟರಿ ನಕ್ಕರು. "ಬಿಸ್ಕತ್ತಿನ ಡಬ್ಬಿಗೆ ಚೀಟಿ ಹಾಕಿಸಿದ್ವಿ. ಗಲಾಟೇಲಿ ಎಣಿಸೋದು ಬೇಡ ಅಂತ ಡಬ್ಬಿ ಮನೆಗೆ ತಂದೆ. ಬೆಳಿಗ್ಗೆ ನಾನೇ ಗೆದ್ದೆ ಅಂತ ಬೋರ್ಡಿಗೆ ಹಾಕಿದೆ."

"ಎಷ್ಟು ಓಟಿಂದ ಗೆದ್ರಿ ಅಪ್ಪಾ?"

"ಎಣಿಸಲಿಲ್ಲ. ಡಬ್ಬಿ ಸಮೇತ ಕಸಕ್ಕೆ ಹೋಯ್ತು."

ಮಗಳ ಪೆನ್ನು ನಿಂತಿತು. ಮೇಡಂ ಕೂಡ ಈ ಸಲ ಬರ್ಕೋ ಎನ್ನಲಿಲ್ಲ. ಕನ್ನಡಕ ತೆಗೆದು ಒರೆಸಿದರು. ಸೆಕ್ರೆಟರಿ ಒಬ್ಬರೇ ಇನ್ನೂ ಸ್ವಲ್ಪ ಹೊತ್ತು ನಗುತ್ತಿದ್ದರು, ಆಮೇಲೆ ನೀರು ಕುಡಿದರು.

ಶಾಲೆಯಲ್ಲಿ ಒಂದು ನಿಯಮವಿತ್ತು. ಹಿಂದಿನ ವರ್ಷ ಯಾರೋ ಹುಡುಗ ಇಲ್ಲದ ದ್ವೀಪವೊಂದನ್ನು ಹುಟ್ಟಿಸಿ ಅದಕ್ಕೆ ಸಂವಿಧಾನವನ್ನೂ ಬರೆದುಬಿಟ್ಟಿದ್ದನಂತೆ. ಅಂದಿನಿಂದ, ಅಧ್ಯಯನವನ್ನು ಸಭೆಯ ಮುಂದೆ ಮಂಡಿಸುವ ದಿನ ಮಾಹಿತಿ ಕೊಟ್ಟವರು ಖುದ್ದಾಗಿ ಬಂದು ಮೇಷ್ಟ್ರ ಪ್ರಶ್ನೆಗೆ ಉತ್ತರಿಸಬೇಕು, ಬಾರದಿದ್ದರೆ ಸೊನ್ನೆ. ಸೆಕ್ರೆಟರಿಗೆ ಇದು ಸನ್ಮಾನದ ಕರೆಯಂತೆ ಕೇಳಿಸಿತು. ತಮ್ಮ ಆಡಳಿತದ ಇತಿಹಾಸದಲ್ಲೇ ಮೊದಲ ಬಾರಿಗೆ ಅವರು ದಪ್ಪ ಅಕ್ಷರದ ನೋಟಿಸ್ ಹಾಕಿದರು, ಅದೂ ಗಾಜಿನ ಬೋರ್ಡಿನ ನಟ್ಟನಡುವೆ, ವಾರಕ್ಕೂ ಮೊದಲೇ: "ನಮ್ಮ ಕಟ್ಟಡದ ಆಡಳಿತ ಶಾಲೆಯಲ್ಲಿ ಪಾಠವಾಗುತ್ತಿದೆ. ಭಾನುವಾರ ಬೆಳಿಗ್ಗೆ. ಎಲ್ಲರೂ ತಪ್ಪದೆ ಬನ್ನಿ."

"ಅಪ್ಪಾ, ಅದನ್ನ ತೆಗೀರಿ" ಎಂದು ಮಗಳು ಬೇಡಿಕೊಂಡಳು. "ನೀವೊಬ್ಬರೇ ಬಂದರೆ ಸಾಕು."

"ನಾಚ್ಕೋಬೇಡ ಪುಟ್ಟಿ" ಎಂದರು ಸೆಕ್ರೆಟರಿ.

ಜನ ಬಂದರು. ಖಜಾಂಚಿ ಮಗನನ್ನೂ ಕರೆದುಕೊಂಡು ಬಂದು ಮುಂದಿನ ಸಾಲು ಹಿಡಿದ. ಟೈಲರಮ್ಮ ಕುತ್ತಿಗೆಯಲ್ಲಿದ್ದ ಅಳತೆ ಟೇಪನ್ನು ತೆಗೆಯುವುದನ್ನೂ ಮರೆತು ಬಂದಿದ್ದರು. ಮಗಳು ಎದ್ದು ನಿಂತು, ಒಮ್ಮೆ ಅಪ್ಪನನ್ನು ನೋಡಿ, ಶುರುಮಾಡಿದಳು. ಪರದೆಯ ಎಡಭಾಗದಲ್ಲಿ ಒಂದು ದೇಶ, ಬಲಭಾಗದಲ್ಲಿ ಕಟ್ಟಡ. ಅಲ್ಲಿ ಮತದಾನದ ದಿನ ರಸ್ತೆ ದುರಸ್ತಿ, ಇಲ್ಲಿ ಮಧ್ಯಾಹ್ನದ ಸಭೆ. ಅಲ್ಲಿ ಪತ್ರಿಕೆಗಳೆಲ್ಲ ಸರ್ಕಾರದವು, ಇಲ್ಲಿ ನೋಟಿಸ್ ಬೋರ್ಡಿನ ಬೀಗದ ಕೈ ಒಂದೇ ಜೇಬಿನಲ್ಲಿ. ಅಲ್ಲಿ ವಿರೋಧಿಯನ್ನು ಮಂತ್ರಿ ಮಾಡುತ್ತಾರೆ, ಇಲ್ಲಿ ಖಜಾಂಚಿ ಮಾಡುತ್ತಾರೆ.

ಸಭಾಂಗಣ ನಗುತ್ತಿತ್ತು. ಸೆಕ್ರೆಟರಿಯೂ ನಗುತ್ತಿದ್ದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರುಂಟು. ಇವರು ಕುಂಬಳಕಾಯಿಯನ್ನೇ ಹೆಗಲ ಮೇಲೆ ಹೊತ್ತು ಚಪ್ಪಾಳೆ ತಟ್ಟುತ್ತಿದ್ದರು. ಖಜಾಂಚಿಯ ನಗು ಮಾತ್ರ ಅರ್ಧದಲ್ಲಿ ನಿಂತುಹೋಯಿತು. ಅವನು ನಿಧಾನವಾಗಿ ತಿರುಗಿ ನೋಡಿದಾಗ ಸೆಕ್ರೆಟರಿಗೆ ಎಲ್ಲವೂ ಒಟ್ಟಿಗೇ ಹೊಳೆಯಿತು, ಪರದೆಯ ಮೇಲಿದ್ದ ಶೀರ್ಷಿಕೆಯೂ ಆಗಲೇ ಕಣ್ಣಿಗೆ ಬಿತ್ತು: "ಚುನಾವಣೆ ನಡೆಸುವ ಸರ್ವಾಧಿಕಾರ". ಎದ್ದು ಹೋಗಿಬಿಡೋಣ ಎನ್ನಿಸಿತು. ಹೋದರೆ ಮಗಳಿಗೆ ಸೊನ್ನೆ. ಕೂತರು.

ಮೇಷ್ಟ್ರು ಪೆನ್ನಿನಿಂದ ಮೇಜು ಕುಟ್ಟಿದರು. "ಚೆನ್ನಾಗಿದೆಯಮ್ಮ. ಆದರೆ ನೀನು ತೋರಿಸಿದ್ದೆಲ್ಲ ಅನಾನುಕೂಲ ಅಷ್ಟೇ. ಸಭೆ ಸಮಯ ಸರಿಯಿಲ್ಲ, ನೋಟಿಸ್ ಚಿಕ್ಕದು. ಇದು ಸೋಮಾರಿ ಪ್ರಜಾಪ್ರಭುತ್ವ. ಸರ್ವಾಧಿಕಾರ ಅನ್ನಬೇಕಾದರೆ ಜನರ ಓಟಿಗೇ ಬೆಲೆ ಇರಲಿಲ್ಲ ಅಂತ ತೋರಿಸಬೇಕು. ಅಂಥ ಪುರಾವೆ ಇದೆಯಾ?"

ಮಗಳು ಪರದೆಯ ಕಡೆ ತಿರುಗಿದಳು.

"ಇಲ್ಲ ಅಂದರೆ ನಿನ್ನ ಹೋಲಿಕೆ ಬಿದ್ದುಹೋಗುತ್ತೆ. ಪಾಸು ಮಾಡೋಕೆ ಆಗಲ್ಲ."

ಅವಳು ಕೈಯಲ್ಲಿದ್ದ ಹಾಳೆಗಳನ್ನು ಸರಿಮಾಡಿಕೊಂಡಳು. ಟೈಲರಮ್ಮ ಕೂತಿದ್ದ ಕಡೆ ನೋಡಲಿಲ್ಲ. "ಇಲ್ಲ ಸರ್" ಎಂದಳು.

ಸುಮ್ಮನಿದ್ದರೆ ಸೆಕ್ರೆಟರಿಯ ಕುರ್ಚಿ ಹೇಗೋ ಉಳಿಯುತ್ತಿತ್ತು. ಒಂದಷ್ಟು ದಿನ ಜನ ನಕ್ಕು ಮರೆಯುತ್ತಿದ್ದರು, ಮುಂದಿನ ಸಭೆಯನ್ನು ಮತ್ತೊಂದು ಮಧ್ಯಾಹ್ನ ಇಟ್ಟರಾಯಿತು. ಇಷ್ಟೆಲ್ಲ ಲೆಕ್ಕ ಹಾಕಿದ ಮೇಲೂ ಅವರು ಎದ್ದು ನಿಂತಿದ್ದರು.

"ಇದೆ" ಎಂದರು. "ಮಾಹಿತಿ ಕೊಟ್ಟವನು ನಾನು."

ಮಗಳು ಬೇಡ ಎಂಬಂತೆ ತಲೆಯಾಡಿಸಿದಳು. ಅವರು ಮೇಷ್ಟ್ರನ್ನೇ ನೋಡುತ್ತಾ ಹೇಳಿದರು. "ಒಂದು ಸಲ ಟೈಲರಮ್ಮ ನಿಂತಿದ್ದರು. ನಾನು ಓಟು ಎಣಿಸಲಿಲ್ಲ. ಡಬ್ಬಿ ಮುಚ್ಚಳವನ್ನೇ ತೆಗೀಲಿಲ್ಲ. ಗೆದ್ದೆ ಅಂತ ಬೋರ್ಡಿಗೆ ಹಾಕಿದೆ."

"ಯಾಕೆ ಎಣಿಸಲಿಲ್ಲ?"

ಇದಕ್ಕೆ ಅವರು ಊಟದ ಮೇಜಿನಲ್ಲಿ ನಕ್ಕಿದ್ದರು. ಈಗ ನಗು ಬರಲಿಲ್ಲ. "ಸೋತಿದ್ದರೆ ಏನು ಮಾಡೋದು ಅಂತ ಹೆದರಿಕೆ ಆಯ್ತು. ಆ ಕುರ್ಚಿ ಬಿಟ್ಟರೆ ನನ್ನ ಮಾತು ಕೇಳೋ ಜಾಗ ಬೇರೆ ಇರಲಿಲ್ಲ."

ಯಾರೂ ನಗಲಿಲ್ಲ. ಹಿಂದಿನ ಸಾಲಿನಲ್ಲಿದ್ದ ಮೇಡಂ ತಲೆ ತಗ್ಗಿಸಿದರು. ಟೈಲರಮ್ಮ ಟೇಪನ್ನು ಕುತ್ತಿಗೆಯಿಂದ ತೆಗೆದು, ಸುತ್ತಿ, ಚೀಲಕ್ಕೆ ಹಾಕಿಕೊಂಡರು. ಮೇಷ್ಟ್ರು ಏನೋ ಬರೆದುಕೊಂಡು, "ಪುರಾವೆ ಸಾಕು. ಪಾಸು" ಎಂದರು.

ಹೊರಗೆ ಶಾಲೆಯ ಮೆಟ್ಟಿಲ ಮೇಲೆ ಕಟ್ಟಡದವರೆಲ್ಲ ಗುಂಪುಗೂಡಿ ನಿಂತಿದ್ದರು. ಸಂಘದ ಇತಿಹಾಸದಲ್ಲಿ ಇಷ್ಟು ಜನ ಸೇರಿದ ಸಭೆ ಇನ್ನೊಂದಿರಲಿಲ್ಲ. ಖಜಾಂಚಿ ಬಹಳ ವರ್ಷಗಳ ನಂತರ ಎಡಗೈಯನ್ನೇ ಮೇಜು ಮಾಡಿಕೊಂಡು ಕುಟ್ಟಿ ಕುಟ್ಟಿ ಮಾತಾಡುತ್ತಿದ್ದ. ಸೆಕ್ರೆಟರಿಯನ್ನು ಯಾರೂ ಕರೆಯಲಿಲ್ಲ. ಅವರು ಪಕ್ಕದ ಗೇಟಿನಿಂದ ಹೊರಟರು. ಮಗಳು ಓಡಿಬಂದು ಜೊತೆಯಾದಳು.

"ಡಬ್ಬಿ ವಿಷಯಾನ ಬೇಕಂತಲೇ ಬಿಟ್ಟಿದ್ದೆ ಅಪ್ಪಾ. ಸಾಮಾನ್ಯ ತರಗತಿಗೆ ಹೋದರೆ ಹೋಗ್ಲಿ ಅಂತ."

"ಗೊತ್ತು."

"ಮತ್ತೆ ಯಾಕೆ ಹೇಳಿದ್ರಿ?"

"ನೀನು 'ಇಲ್ಲ ಸರ್' ಅಂದೆಯಲ್ಲ" ಎಂದರು. "ಎಷ್ಟು ಸಲೀಸಾಗಿ ಬಂತು ಆ ಸುಳ್ಳು. ಅದನ್ನ ಕಲಿಸೋಕೆ ನಾವು ಟ್ಯೂಷನ್ ಇಟ್ಟಿರಲಿಲ್ಲ, ಪುಟ್ಟಿ. ಮನೇಲೇ ಕಲ್ತುಬಿಟ್ಟಿದ್ದೀಯ."